ಭಾನುವಾರದ ಹೆಸರು, ಸೋಮವಾರದ ಹೆಸರು

ಕ್ರೈಸ್ತ ಧರ್ಮದ ಕುರಿತು ಕನ್ನಡದ ಸಾರ್ವಜನಿಕ ವಲಯದಲ್ಲಿ ನಡೆಯುವ ಮಾತುಕತೆ ಎರಡೇ ದಿನಗಳ ಸುತ್ತ ತಿರುಗುತ್ತದೆ. ಒಂದು ಮತಾಂತರದ ದಿನ, ಇನ್ನೊಂದು ದಾಳಿಯ ದಿನ. ಮೊದಲನೆಯದರ ಬಗ್ಗೆ ಬಲಪಂಥೀಯರು ಅಬ್ಬರಿಸುತ್ತಾರೆ, ಎರಡನೆಯದರ ಬಗ್ಗೆ ಪ್ರಗತಿಪರರು ಖಂಡನಾ ಹೇಳಿಕೆ ಹೊರಡಿಸುತ್ತಾರೆ. ಈ ಎರಡು ದಿನಗಳ ನಡುವೆ ವಿಶ್ವಾಸಿಯೊಬ್ಬ ಬದುಕುವ ಸಾವಿರಾರು ಸಾಧಾರಣ ದಿನಗಳಿವೆ. ಆ ದಿನಗಳಲ್ಲಿ ಆತ ಯಾರೊಡನೆ ಕೂತು ಉಣ್ಣುತ್ತಾನೆ, ಮಗುವಿಗೆ ಯಾವ ಹೆಸರಿಡುತ್ತಾನೆ, ಸತ್ತವರನ್ನು ಎಲ್ಲಿ ಹೂಳುತ್ತಾನೆ, ಅರ್ಜಿಯೊಂದರಲ್ಲಿ ‘ಧರ್ಮ’ ಎಂಬ ಕಾಲಂ ಎದುರಾದಾಗ ಪೆನ್ನು ಹಿಡಿದು ಎಷ್ಟು ಹೊತ್ತು ಯೋಚಿಸುತ್ತಾನೆ ಎಂದು ಈ ಎರಡು ಬಣಗಳೂ ಕೇಳುವುದಿಲ್ಲ. ಆದರೆ ಧರ್ಮವೊಂದರ ಸತ್ವ ಪರೀಕ್ಷೆಗೊಳಗಾಗುವುದು ಆ ಸಾಧಾರಣ ದಿನಗಳಲ್ಲೇ. ರಾಜ್ಯವೊಂದರ ನ್ಯಾಯಬುದ್ಧಿ ಪರೀಕ್ಷೆಗೊಳಗಾಗುವುದೂ ಅಲ್ಲೇ.

ಬೀದರಿನಿಂದ ಕೋಲಾರದವರೆಗೆ ದಲಿತ ಕೇರಿಗಳನ್ನು ಬಲ್ಲ ಯಾರಿಗೂ ಎರಡು ಹೆಸರುಗಳ ಕತೆ ಹೊಸದಲ್ಲ. ಚರ್ಚಿನ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಭಾನುವಾರ ಪಾದ್ರಿಯ ಬಾಯಲ್ಲಿ ಬರುವ ಹೆಸರು ಸತ್ಯವೇದದ್ದು. ಸೋಮವಾರ ಹಾಜರಿ ಪುಸ್ತಕದಿಂದ ಓದುವ ಹೆಸರು ಅಜ್ಜನದೋ ಊರ ದೇವರದೋ ಆಗಿರುತ್ತದೆ. ಮನೆಯೊಳಗೆ ಊಟಕ್ಕೆ ಮುನ್ನ ಕಣ್ಣುಮುಚ್ಚಿ ಪ್ರಾರ್ಥಿಸುವ ಮಗು, ಶಾಲೆಯ ಬಿಸಿಯೂಟದ ಸಾಲಿನಲ್ಲಿ ಕಣ್ಣು ತೆರೆದೇ ಉಣ್ಣುವುದನ್ನು ಕಲಿಯುತ್ತದೆ. ಹೊರಗಿನವರು ಇದನ್ನು ಕಪಟ ಎನ್ನುತ್ತಾರೆ, ನ್ಯಾಯಾಲಯಗಳು ವಂಚನೆ ಎನ್ನುತ್ತವೆ. ಇದು ಕಪಟವೇ ಇರಬಹುದು. ಆದರೆ ಅದನ್ನು ಕಲಿಸಿದವರು ಯಾರು? ಬಡವನೊಬ್ಬ ತಾನು ನಂಬಿದ್ದನ್ನು ಬಹಿರಂಗವಾಗಿ ಹೇಳಿಕೊಳ್ಳುವುದಕ್ಕೆ ಭಾರತದ ಕಾನೂನು ಒಂದು ಬೆಲೆ ಕಟ್ಟಿದೆ. ಆ ಬೆಲೆ ತೆರಲಾರದವನು ಸುಳ್ಳು ಹೇಳುತ್ತಾನೆ, ತೆತ್ತವನು ಬೀದಿಗೆ ಬೀಳುತ್ತಾನೆ. ಸತ್ಯ ನುಡಿಯುವುದೇ ನಂಬಿಕೆಯ ಮೊದಲ ನಿತ್ಯಾಚರಣೆ ಎನ್ನುವುದಾದರೆ, ದಲಿತ ಕ್ರೈಸ್ತನಿಂದ ಆ ಆಚರಣೆಯನ್ನೇ ಕಸಿದುಕೊಳ್ಳಲಾಗಿದೆ.

ಆ ಬೆಲೆಪಟ್ಟಿಯ ಹೆಸರು ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ, 1950. ಅದರ ಮೂರನೆಯ ಪ್ಯಾರಾ, ಹಿಂದೂ ಧರ್ಮವಲ್ಲದೆ ಬೇರೆ ಧರ್ಮವನ್ನು ಪಾಲಿಸುವ ಯಾರನ್ನೂ ಪರಿಶಿಷ್ಟ ಜಾತಿಯ ಸದಸ್ಯರೆಂದು ಪರಿಗಣಿಸಲಾಗದು ಎಂದಿತು. ಪಂಜಾಬಿನ ಕೆಲವು ಸಿಖ್ ಜಾತಿಗಳಿಗೆ ಮಾತ್ರ ಆಗ ವಿನಾಯಿತಿ ಇತ್ತು. 1956ರಲ್ಲಿ ಎಲ್ಲ ಸಿಖ್ ದಲಿತರನ್ನು ಒಳಗೆ ಬಿಟ್ಟುಕೊಳ್ಳಲಾಯಿತು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರೂ ಮುಸಲ್ಮಾನರೂ ಬಾಗಿಲ ಹೊರಗೇ ಉಳಿದರು. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಇಂಥ ಧರ್ಮದ ಷರತ್ತಿಲ್ಲ. ಆದಿವಾಸಿ ಚರ್ಚಿಗೆ ಹೋದರೂ ಆದಿವಾಸಿಯೇ. ದಲಿತ ಚರ್ಚಿಗೆ ಹೋದರೆ ದಲಿತನಲ್ಲ. ಊರಿನವರ ಕಣ್ಣಿಗೆ ಕಾಣದ ಈ ಪವಾಡ ಕಾನೂನಿನ ಕಣ್ಣಿಗೆ ಮಾತ್ರ ಕಾಣುತ್ತದೆ.

ಪವಾಡದ ಬೆಲೆ ಎಷ್ಟೆಂದು ತಿಳಿಯಲು 1985ರ ಸೂಸೈ ಪ್ರಕರಣವನ್ನು ನೋಡಬೇಕು. ಮದರಾಸಿನ ರಸ್ತೆಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿ ದ್ರಾವಿಡ ಸಮುದಾಯದ ಮನುಷ್ಯ ಸೂಸೈ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಉಚಿತವಾಗಿ ಗೂಡಂಗಡಿ ಕೊಡುವ ಸರ್ಕಾರಿ ಯೋಜನೆಯೊಂದು ಬಂದಾಗ ಅವರಿಗೆ ಅದು ಸಿಗಲಿಲ್ಲ. ಕಾರಣ, ಅವರು ಕ್ರೈಸ್ತರು. ಅವರ ಬದಿಯಲ್ಲೇ ಕೂತು ಅದೇ ಕೆಲಸ ಮಾಡುತ್ತಿದ್ದವರಿಗೆ ನೆರಳು ಸಿಕ್ಕಿತು, ಅವರಿಗೆ ಬಿಸಿಲು ಉಳಿಯಿತು. ಸುಪ್ರೀಂ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರಷ್ಟೇ ಸಾಲದು, ಹೊಸ ಧರ್ಮದೊಳಗೂ ಅದರ ದಬ್ಬಾಳಿಕೆ ಅಷ್ಟೇ ತೀವ್ರವಾಗಿದೆ ಎಂದು ತೋರಿಸಬೇಕು, ಅದಕ್ಕೆ ತಕ್ಕ ಅಧ್ಯಯನದ ಆಧಾರ ತಮ್ಮ ಮುಂದಿಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಬೀದಿಯಲ್ಲಿ ಕೂತು ಪರರ ಪಾದರಕ್ಷೆ ಹೊಲಿಯುವ ಕಸುಬು ಆ ಮನುಷ್ಯನಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಅಧ್ಯಯನ ಬೇಕಾಗಿತ್ತಂತೆ! ದೀಕ್ಷಾಸ್ನಾನದ ನೀರು ಅವರ ಹಣೆಯನ್ನು ತೊಯ್ಯಿಸಿತು. ಕೈಯಲ್ಲಿದ್ದ ಉಳಿಯನ್ನೂ ಚರ್ಮವನ್ನೂ ತೊಳೆದುಕೊಂಡು ಹೋಗಲಿಲ್ಲ.

ಕನ್ನಡ ನಾಡಿನದೇ ನಿದರ್ಶನ ಬೇಕೆಂದರೆ ಕೋಲಾರದ ಚಿನ್ನದ ಗಣಿಗೆ ಬರಬೇಕು. ಎಸ್. ರಾಜಗೋಪಾಲ್ 1967ರಲ್ಲಿ ಅಲ್ಲಿನ ಮೀಸಲು ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಅವರು 1949ರಲ್ಲಿ ಕ್ರೈಸ್ತರಾಗಿದ್ದರು, ಬಳಿಕ ತಾವು ಹಿಂದೂ ಧರ್ಮಕ್ಕೆ ಮರಳಿರುವುದಾಗಿ ಹೇಳಿದರು. 1968ರಲ್ಲಿ ಸುಪ್ರೀಂ ಕೋರ್ಟು ಅವರ ಆಯ್ಕೆಯನ್ನು ಅಸಿಂಧುಗೊಳಿಸಿತು. 1972ರಲ್ಲಿ ಅವರು ಮತ್ತೆ ಗೆದ್ದರು, ಮೊಕದ್ದಮೆಯೂ ಮತ್ತೆ ಹೂಡಲ್ಪಟ್ಟಿತು. 1975ರಲ್ಲಿ ಅದೇ ನ್ಯಾಯಾಲಯ, ಜಾತಿಬಾಂಧವರು ಅವರನ್ನು ಮರಳಿ ಸ್ವೀಕರಿಸಿದ್ದಾರೆ ಎಂಬ ಆಧಾರದ ಮೇಲೆ ಆಯ್ಕೆಯನ್ನು ಎತ್ತಿಹಿಡಿಯಿತು. ಅದಕ್ಕೆ ತೂಗಿ ನೋಡಿದ ಸಾಕ್ಷ್ಯಗಳು ಎಂಥವು? ದೇವರ ಗುಡಿಯ ಕೆಲಸಕ್ಕೆ ಅವರನ್ನು ಕರೆದರೇ, ಸತ್ತವರ ಕರ್ಮಕ್ಕೆ ಹೋದರೇ, ಮಕ್ಕಳ ದಾಖಲೆಯಲ್ಲಿ ಏನು ಬರೆಸಿದರು ಎಂಬಂಥವು. ಒಬ್ಬ ಮನುಷ್ಯನ ಉಣ್ಣುವ, ಹೂಳುವ, ಹೆಸರಿಡುವ ದಿನಚರಿಯೆಲ್ಲ ಸಾಕ್ಷಿಕಟ್ಟೆ ಹತ್ತಿತು. ಜಾತಿ ಸತ್ತಿದೆಯೇ ಬದುಕಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಜಾತಿಗೇ ದೊರೆಯಿತು. ಜಾತ್ಯತೀತ ಗಣರಾಜ್ಯದ ಅತ್ಯುನ್ನತ ನ್ಯಾಯಾಲಯ ಜಾತಿ ಪಂಚಾಯಿತಿಯ ಸಮ್ಮತಿಯನ್ನು ಪುರಾವೆಯಾಗಿ ಸ್ವೀಕರಿಸಬೇಕಾಗಿ ಬಂದದ್ದು ನ್ಯಾಯಾಧೀಶರ ಕೇಡಿನಿಂದಲ್ಲ. 1950ರ ಆದೇಶ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತು.

ಐವತ್ತು ವರ್ಷಗಳಾದರೂ ಆ ಸಾಕ್ಷಿಕಟ್ಟೆ ಖಾಲಿಯಾಗಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಮಹಿಳೆಯೊಬ್ಬರ ಅರ್ಜಿಯನ್ನು ತಿರಸ್ಕರಿಸಿತು. ಗುಮಾಸ್ತೆಯ ಹುದ್ದೆಗಾಗಿ ಅವರು ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ಶಿಶುವಾಗಿದ್ದಾಗ ಅವರಿಗೆ ದೀಕ್ಷಾಸ್ನಾನವಾಗಿತ್ತು, ಅವರು ಚರ್ಚಿಗೆ ಹೋಗುತ್ತಿದ್ದರು. ಕ್ರೈಸ್ತ ನಂಬಿಕೆಯಲ್ಲಿದ್ದುಕೊಂಡು ಮೀಸಲಾತಿಗಾಗಿ ಮಾತ್ರ ಹಿಂದೂ ಎಂದುಕೊಳ್ಳುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದಿತು ನ್ಯಾಯಾಲಯ. 2025ರಲ್ಲಿ ಆಂಧ್ರಪ್ರದೇಶ ಹೈಕೋರ್ಟು, ಜಾತಿ ಹೆಸರಿನಲ್ಲಿ ತಮ್ಮನ್ನು ನಿಂದಿಸಿ ಹಲ್ಲೆ ಮಾಡಲಾಗಿದೆ ಎಂದು ದೂರಿದ್ದ ಪಾದ್ರಿಯೊಬ್ಬರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ದೊರೆಯದು ಎಂದಿತು. ಅವರು ಕ್ರೈಸ್ತರಾಗಿದ್ದರು ಎಂಬುದೇ ಕಾರಣ. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಬೇಕು. ನಂಬಿಕೆಯನ್ನು ಮುಚ್ಚಿಟ್ಟವರಿಗೆ ವಂಚಕರೆಂಬ ಬಿರುದು. ನಂಬಿಕೆಯನ್ನೇ ವೃತ್ತಿಯಾಗಿಸಿಕೊಂಡು ಬಹಿರಂಗವಾಗಿ ಬದುಕಿದವರಿಗೆ ನಿಂದನೆಯ ಎದುರು ನಿರಾಯುಧ ಸ್ಥಿತಿ. ಬೈದವನಿಗೆ ಅವರ ಜಾತಿ ಗೊತ್ತಿರಬಹುದು, ಊರಿಗೂ ಗೊತ್ತಿರಬಹುದು. ಕಾಯ್ದೆಗೆ ಮಾತ್ರ ಗೊತ್ತಿರಬಾರದು.

ಗೊತ್ತಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಕರ್ನಾಟಕ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡವರಿಗೆ ಪ್ರವರ್ಗ-1ರಲ್ಲಿ ಸ್ಥಾನವಿದೆ. ಉಳಿದ ಕ್ರೈಸ್ತರು ಪ್ರವರ್ಗ-3ಬಿಯಲ್ಲಿದ್ದಾರೆ. ಅಂದರೆ ದಲಿತ ಕ್ರೈಸ್ತನ ಹಿಂದುಳಿದಿರುವಿಕೆ ಇತರ ಕ್ರೈಸ್ತರದಕ್ಕಿಂತ ಬೇರೆ ಎಂಬುದು ರಾಜ್ಯಕ್ಕೆ ಚೆನ್ನಾಗಿ ಗೊತ್ತು. ಒಂದು ಕಡತದಲ್ಲಿ ಅದನ್ನು ಬರೆದುಕೊಂಡು ಇನ್ನೊಂದು ಕಡತದಲ್ಲಿ ಅದನ್ನು ಮರೆಯುವುದಕ್ಕೆ ಅಜ್ಞಾನ ಎನ್ನಲಾಗದು. ಕರ್ನಾಟಕದ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಜಾತಿಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ನಮೂದುಗಳು ಕಾಣಿಸಿಕೊಂಡಾಗ ಎದ್ದ ಗದ್ದಲವನ್ನು ನೆನೆಯಬಹುದು. ಕೊನೆಗೆ ಅಂಥ 33 ಹೆಸರುಗಳನ್ನು ಗಣತಿದಾರರ ಪಟ್ಟಿಯಿಂದ ಮರೆಮಾಡಲಾಯಿತು. ಕ್ರೈಸ್ತರಲ್ಲಿ ಜಾತಿಯಿದೆ ಎಂಬ ಮಾತು ವಿರೋಧಿಗಳಿಗೆ ಅಷ್ಟು ಅಸಹ್ಯವಾಯಿತು. ಅವರಿಗೆ ಬೇಸರವಾದದ್ದು ಜಾತಿಯ ಇರುವಿಕೆಯಿಂದಲ್ಲ, ಅದರ ದಾಖಲೆಯಿಂದ.

ಇನ್ನು ಎರಡನೆಯ ಕಾನೂನು. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022. ಹೆಸರಿನಲ್ಲಿ ಸ್ವಾತಂತ್ರ್ಯವೂ ಇದೆ, ಹಕ್ಕೂ ಇದೆ, ಸಂರಕ್ಷಣೆಯೂ ಇದೆ. ಒಳಗಿರುವುದೇನು? ಮತಾಂತರವಾಗಬಯಸುವವನು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ಅದನ್ನು ಸೂಚನಾ ಫಲಕಕ್ಕೆ ಹಚ್ಚಿ ಆಕ್ಷೇಪಣೆ ಆಹ್ವಾನಿಸಲಾಗುತ್ತದೆ. ಮತಾಂತರವಾದ ಮೇಲೆ ಮತ್ತೊಂದು ಘೋಷಣೆ. ದೂರು ಕೊಡುವ ಅಧಿಕಾರ ತಂದೆತಾಯಿ, ಒಡಹುಟ್ಟಿದವರು, ಬಂಧುಗಳಿಂದ ಹಿಡಿದು ಸಹೋದ್ಯೋಗಿಯವರೆಗೆ. ತಪ್ಪು ಮಾಡಿಲ್ಲವೆಂದು ರುಜುವಾತುಪಡಿಸುವ ಹೊರೆ ಆರೋಪಿಯ ಮೇಲೆ. ಹಿಂದಿನ ಧರ್ಮಕ್ಕೆ ಮರಳುವುದು ಮಾತ್ರ ಈ ಕಾಯ್ದೆಯ ಲೆಕ್ಕದಲ್ಲಿ ಮತಾಂತರವೇ ಅಲ್ಲ. ಹೋಗುವ ದಾರಿಗೆ ಸುಂಕದ ಕಟ್ಟೆ, ಬರುವ ದಾರಿಗೆ ತೋರಣ.

‘ಆಮಿಷ’ ಎಂಬ ಪದಕ್ಕೆ ಈ ಕಾಯ್ದೆ ಕೊಟ್ಟ ಅರ್ಥವ್ಯಾಪ್ತಿಯನ್ನು ಗಮನಿಸಬೇಕು. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳಲ್ಲಿ ಉಚಿತ ಶಿಕ್ಷಣ, ಮದುವೆಯ ವಾಗ್ದಾನ, ಉತ್ತಮ ಜೀವನಶೈಲಿ, ದೈವದ ಅವಕೃಪೆಯ ಭಯ, ಒಂದು ಧರ್ಮವನ್ನು ಇನ್ನೊಂದಕ್ಕಿಂತ ಮೇಲೆಂದು ವೈಭವೀಕರಿಸುವುದು. ಮನುಷ್ಯರು ಮನುಷ್ಯರಿಗೆ ಮಾಡುವ ಉಪಕಾರಗಳಲ್ಲಿ ಈ ಬಲೆಯಿಂದ ಹೊರಗುಳಿಯುವುದು ಯಾವುದು? ರೋಗಿಯ ಹಾಸಿಗೆಯ ಪಕ್ಕ ಕೂತ ದಾದಿಯ ಪ್ರಾರ್ಥನೆ, ಕೂಲಿಯವರ ಮಗುವಿಗೆ ಕೊಟ್ಟ ಪಠ್ಯಪುಸ್ತಕ, ಗಂಡನ ಕುಡಿತ ಬಿಡಿಸಲು ಕೈಹಿಡಿದು ಸಭೆಗೆ ಕರೆದೊಯ್ದ ನೆರೆಮನೆಯವಳ ಮಾತು ಎಲ್ಲವೂ ಅದರೊಳಗೆ ಬೀಳಬಹುದು. ಕ್ರೈಸ್ತ ನಂಬಿಕೆಯ ದೈನಂದಿನ ರೂಪವೇ ಇದು. ಮತಾಂತರ ವಿರೋಧಿ ಕಾಯ್ದೆ ಎಂದು ಕರೆಸಿಕೊಳ್ಳುವ ಇದು ಆ ದಿನಚರಿಯನ್ನೇ ಸಂಶಯದ ಕಡತಕ್ಕೆ ಸೇರಿಸುತ್ತದೆ. ಕಾಯ್ದೆಗೆ ಮುನ್ನ, 2021ರಲ್ಲಿ, ಹೊಸದುರ್ಗ ತಾಲ್ಲೂಕಿನಲ್ಲಿ ಅಧಿಕಾರಿಗಳು ಸಮೀಕ್ಷೆ ನಡೆಸಿದ್ದರು. ಬಲವಂತದ ಮತಾಂತರ ನಡೆದಿಲ್ಲ, ಜನ ಸ್ವಂತ ಇಚ್ಛೆಯಿಂದಲೇ ಚರ್ಚಿಗೆ ಹೋಗುತ್ತಿದ್ದಾರೆ ಎಂದು ತಹಶೀಲ್ದಾರರು ವರದಿ ಕೊಟ್ಟರು. ಆ ಬಳಿಕ ಅವರ ವರ್ಗಾವಣೆಯಾಯಿತು, ಕಾಯ್ದೆ ಮುಂದೆ ಸಾಗಿತು.

ಈಗ ಎರಡೂ ಕಾನೂನುಗಳನ್ನು ಎದುರುಬದುರು ನಿಲ್ಲಿಸಬೇಕು. 2022ರ ಕಾಯ್ದೆಯ ಪ್ರಕಾರ ಸಾಮಾನ್ಯ ಅಪರಾಧಕ್ಕೆ 3ರಿಂದ 5 ವರ್ಷ ಸೆರೆವಾಸ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು, ಬುದ್ಧಿಸ್ವಾಸ್ಥ್ಯವಿಲ್ಲದವರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 3ರಿಂದ 10 ವರ್ಷ. ದಲಿತನಾದ ವಯಸ್ಕನನ್ನು ಮಗುವಿನ, ಮತಿಭ್ರಮಣೆಗೊಳಗಾದವನ ಸಾಲಿನಲ್ಲಿ ಕೂರಿಸಿದ ಅವಮಾನ ಒಂದು ಕಡೆ ಇರಲಿ. ಇಲ್ಲಿನ ತರ್ಕವನ್ನು ನೋಡಿ. ದೀಕ್ಷಾಸ್ನಾನದ ತೊಟ್ಟಿಗೆ ಇಳಿಯುವವರೆಗೆ ಆತ ಎಷ್ಟು ದಲಿತನೆಂದರೆ, ಅವನ ಮನಸ್ಸನ್ನು ಅವನ ವಶಕ್ಕೇ ಬಿಡಲಾಗದು. ತೊಟ್ಟಿಯಿಂದ ಮೇಲೆದ್ದ ಕ್ಷಣದಲ್ಲಿ ಆತ ಎಷ್ಟು ದಲಿತನಲ್ಲವೆಂದರೆ, ಗೂಡಂಗಡಿಯನ್ನೂ ಕೊಡಲಾಗದು, ಜಾತಿ ಹಿಡಿದು ಬೈದರೆ ದೂರನ್ನೂ ಆ ಕಾಯ್ದೆಯಡಿ ದಾಖಲಿಸಲಾಗದು. ಆಯ್ಕೆ ಮಾಡುವಾಗ ಜಾತಿ ಆತನಿಗೆ ಸರಪಳಿ. ರಕ್ಷಣೆ ಕೇಳುವಾಗ ಜಾತಿ ಆತನಿಗೆ ಇಲ್ಲ. ಒಂದು ಕಾನೂನು ಕೈ ಹಿಡಿದೆಳೆಯುತ್ತದೆ, ಇನ್ನೊಂದು ಬೆನ್ನಿಗೆ ಒದೆಯುತ್ತದೆ. ಎರಡರ ಉದ್ದೇಶವೂ ಒಂದೇ: ದಲಿತ ಇದ್ದಲ್ಲೇ ಇರಬೇಕು. 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಾಗ ಪ್ರಗತಿಪರರು ನಿಟ್ಟುಸಿರು ಬಿಟ್ಟರು. ಆದರೆ 2022ರ ಕಾಯ್ದೆ ಹೊಸ ಬೇಲಿ. 1950ರ ಆದೇಶ ಹಳೆಯ ಗೋಡೆ. ಬೇಲಿ ಕೀಳುವ ಮಾತಿಗೆ ಚಪ್ಪಾಳೆ ತಟ್ಟಿದವರು ಗೋಡೆಯ ಬಗ್ಗೆ ಚಕಾರ ಎತ್ತುವುದಿಲ್ಲ.

ಕಾನೂನನ್ನು ಇಷ್ಟು ಕಟುವಾಗಿ ವಿಮರ್ಶಿಸಿ ಚರ್ಚನ್ನು ಬಿಟ್ಟುಬಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಭಾರತೀಯ ಕ್ರೈಸ್ತ ಸಭೆಗೆ ತನ್ನ ಮೂಲ ಗ್ರಂಥದಲ್ಲೇ ಎಚ್ಚರಿಕೆ ಇತ್ತು. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಜೊತೆ ಉಣ್ಣುತ್ತಿದ್ದ ಪೇತ್ರ, ತನ್ನವರು ಬಂದಾಗ ಪಂಕ್ತಿಯಿಂದ ಹಿಂದೆ ಸರಿದದ್ದನ್ನು ಪೌಲ ಎಲ್ಲರೆದುರೇ ಖಂಡಿಸಿದ ಪ್ರಸಂಗ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಸಭೆಗೆ ಬಂದ ಸಿರಿವಂತನಿಗೆ ಒಳ್ಳೆಯ ಪೀಠ, ಬಡವನಿಗೆ ನೆಲ ತೋರಿಸುವುದನ್ನು ಯಾಕೋಬನ ಪತ್ರ ಪಾಪವೆಂದೇ ಕರೆಯುತ್ತದೆ. ಪಂಕ್ತಿಭೇದವೆಂದರೇನು ಎಂಬುದು ಭಾರತದ ಓದುಗರಿಗೆ ವಿವರಿಸಬೇಕಾದ ಸಂಗತಿಯಲ್ಲ. ಆದರೂ ಅದೇ ಗ್ರಂಥವನ್ನು ಹಿಡಿದು ಬಂದವರಲ್ಲಿ ಒಬ್ಬರಾದ ರಾಬರ್ಟೊ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದು, ಜನಿವಾರ, ಜುಟ್ಟುಗಳನ್ನು ಸಾಮಾಜಿಕ ಚಿಹ್ನೆಗಳೆಂದು ವಾದಿಸಿ, ಮೇಲ್ಜಾತಿಯವರಿಗೆ ಜಾತಿ ಸಮೇತ ಸಭೆಯೊಳಗೆ ಬರಲು ದಾರಿ ಮಾಡಿಕೊಟ್ಟರು. ಜಾತಿಭೇದವನ್ನು ಬಿಡಲೇಬೇಕೆಂದು 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಕಟ್ಟಪ್ಪಣೆ ಮಾಡಿದಾಗ ತಂಜಾವೂರು, ಮದರಾಸುಗಳ ಮೇಲ್ಜಾತಿ ಕ್ರೈಸ್ತರಲ್ಲಿ ಅನೇಕರು ಸಭೆಯನ್ನು ಬಿಟ್ಟು ಹೊರನಡೆದರು, ಜಾತಿಯನ್ನು ಬಿಡಲಿಲ್ಲ.

ಅಂಬೇಡ್ಕರ್ ಈ ವೈಫಲ್ಯವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅಸ್ಪೃಶ್ಯರು ಕ್ರೈಸ್ತರಾದರೂ ಅಸ್ಪೃಶ್ಯರಾಗಿಯೇ ಉಳಿದದ್ದನ್ನೂ ಸಭೆ ಅದನ್ನು ಸಹಿಸಿಕೊಂಡದ್ದನ್ನೂ ಅವರ ಬರಹಗಳು ನಿರ್ದಾಕ್ಷಿಣ್ಯವಾಗಿ ಪರಿಶೀಲಿಸಿವೆ. ತಮಿಳುನಾಡಿನ ತಿರುಚ್ಚಿಯ ಕಥೋಲಿಕ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಲು ಕಟ್ಟಿದ ಗೋಡೆ ಕುಖ್ಯಾತವಾಯಿತು. ಪುನರುತ್ಥಾನದ ದಿನದಂದೂ ಒಂದೇ ಗೇಟಿನಿಂದ ಹೊರಬರಬಾರದೆಂಬ ಎಚ್ಚರಿಕೆಯೋ ಏನೋ! ಕರಾವಳಿಯ ಕಥೋಲಿಕರ ಮದುವೆ ಮಾತುಕತೆಗಳಲ್ಲಿ ಬಾಮಣ್, ಚಾರಡಿ, ಸುದಿರ್ ಎಂಬ ಪದಗಳು ಇನ್ನೂ ಪೂರ್ತಿ ಸತ್ತಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನ ದಲಿತ ಸಬಲೀಕರಣ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದು ಪಾಪನಿವೇದನೆಯ ಮೊದಲ ಮೆಟ್ಟಿಲು; ಪ್ರಾಯಶ್ಚಿತ್ತ ಬೇರೆಯೇ ಇದೆ. ಆಡಳಿತ ಮಂಡಳಿಗಳಲ್ಲಿ, ಸೆಮಿನರಿಗಳಲ್ಲಿ, ಹೆಸರಾಂತ ಶಾಲೆ ಕಾಲೇಜುಗಳ ಪ್ರವೇಶ ಪಟ್ಟಿಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ ಅದು ಕಾಣಬೇಕು. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಸ್ಥಾನಮಾನ ಕೊಡಿ ಎಂದು ದೆಹಲಿಯ ಬೀದಿಯಲ್ಲಿ ಕೂಗುವ ಬಿಷಪರು, ತಮ್ಮದೇ ಸಂಸ್ಥೆಗಳಲ್ಲಿ ಅದೇ ದಲಿತರಿಗೆ ಎಷ್ಟು ಸ್ಥಾನ ಕೊಟ್ಟಿದ್ದಾರೆಂಬ ಲೆಕ್ಕವನ್ನು ಪೀಠದಿಂದ ಓದಿ ಹೇಳಬೇಕು.

ಚರ್ಚಿನ ಈ ಪಾಪವೇ ಕಾನೂನಿನ ಎದುರು ದಲಿತ ಕ್ರೈಸ್ತನ ಸಾಕ್ಷ್ಯ ಎಂಬುದು ವಿಪರ್ಯಾಸ. ಚರ್ಚು ನಿರ್ಮಲವೆಂದರೆ ಮೀಸಲಾತಿ ಏಕೆ ಎನ್ನುತ್ತಾರೆ. ಚರ್ಚಿನಲ್ಲಿ ಜಾತಿಯಿದೆ ಎಂದರೆ ಮತ್ತೇಕೆ ಅಲ್ಲಿಗೆ ಹೋದಿರಿ ಎನ್ನುತ್ತಾರೆ. ಏಕೆ ಹೋದರು ಎಂಬ ಪ್ರಶ್ನೆಗೆ ವಿರೋಧಿಗಳ ಬಳಿ ಸಿದ್ಧ ಉತ್ತರವಿದೆ: ಅಕ್ಕಿಗಾಗಿ, ಹಾಲಿನ ಪುಡಿಗಾಗಿ. ಪ್ರಗತಿಪರರಲ್ಲೂ ಅನೇಕರು ಒಳಗೊಳಗೆ ಇದನ್ನೇ ನಂಬುತ್ತಾರೆ, ಸಭ್ಯತೆಗಾಗಿ ಬಾಯಿ ಬಿಡುವುದಿಲ್ಲ. ಅನ್ನಕ್ಕೂ ಆತ್ಮಕ್ಕೂ ಗೆರೆ ಎಳೆಯಬಲ್ಲವರು ಹೊಟ್ಟೆ ತುಂಬಿದವರು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಪಾಪಕ್ಷಮೆಯ ಬೇಡಿಕೆಗಿಂತ ಮೊದಲು ಬರುವುದು ಅನುದಿನದ ಆಹಾರದ ಬೇಡಿಕೆ. ಅನ್ನ ಕೇಳುವುದು ಈ ನಂಬಿಕೆಯಲ್ಲಿ ನಾಚಿಕೆಯ ಸಂಗತಿಯಲ್ಲ, ಅದು ಪ್ರಾರ್ಥನೆಯ ಪಾಠ. ಬಾವಿಯ ನೀರು, ಶಾಲೆಯ ಬೆಂಚು, ಆಸ್ಪತ್ರೆಯ ಹಾಸಿಗೆ, ಹೆಸರು ಹಿಡಿದು ಗೌರವದಿಂದ ಕರೆಯುವ ಒಂದು ಧ್ವನಿ ಇವುಗಳನ್ನು ಕೊಟ್ಟ ದೇವರನ್ನು ನಂಬಿದರೆ ಅದು ಆಮಿಷ. ಇವುಗಳನ್ನು ಶತಮಾನಗಳ ಕಾಲ ನಿರಾಕರಿಸಿದ ವ್ಯವಸ್ಥೆಯಲ್ಲಿ ಉಳಿದರೆ ಅದು ಸ್ವಂತ ಇಚ್ಛೆ. ಈ ನಿಘಂಟನ್ನು ಬರೆದವರು ಯಾರು?

ನಿಘಂಟಿನ ಮಾತು ಬಂದದ್ದರಿಂದ ಕಿಟ್ಟೆಲರನ್ನು ನೆನೆಯದಿರಲಾಗದು. 1894ರ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ಕನ್ನಡಿಗರು ಅವರಿಗೆ ಪ್ರತಿಮೆ ನಿಲ್ಲಿಸಿದ್ದಾರೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗರನ್ನು ಪತ್ರಿಕಾ ದಿನದಂದು ಸ್ಮರಿಸುತ್ತಾರೆ. ಇಬ್ಬರೂ ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ ತನ್ನ ಸಭೆಗಳಲ್ಲಿ ಜಾತಿಯನ್ನು ಸಹಿಸಲಿಲ್ಲ. ಮತಾಂತರಗೊಂಡವರು ಮನೆ, ಗೇಣಿ, ಕಸುಬುಗಳಿಂದ ಹೊರದಬ್ಬಿಸಿಕೊಂಡಾಗ ಅವರ ಬದುಕಿಗೆ ದಾರಿಯಾಗಲೆಂದು ನೇಯ್ಗೆಯ ಮಗ್ಗಗಳೂ 1865ರಲ್ಲಿ ಹಂಚಿನ ಕಾರ್ಖಾನೆಯೂ ಹುಟ್ಟಿಕೊಂಡವು. ಮಂಗಳೂರು ಹಂಚು ಹೊದ್ದ ಮನೆಗಳಲ್ಲಿ ಬೆಳೆದ ಕನ್ನಡಿಗರು ಇಂದು ಜಗತ್ತಿನ ಎಲ್ಲ ಕಡೆ ಇದ್ದಾರೆ. ಆ ಹಂಚು 2022ರ ಕಾಯ್ದೆಯ ಭಾಷೆಯಲ್ಲಿ ಆಮಿಷದ ಪುರಾವೆ. ಭಾಷೆಗೆ ಮಾಡಿದ ಸೇವೆಯನ್ನು ಇಟ್ಟುಕೊಂಡು, ಆ ಸೇವೆಗೆ ಪ್ರೇರಣೆಯಾದ ನಂಬಿಕೆಯನ್ನು ತಲೆತಗ್ಗಿಸುವ ಸಂಗತಿಯೆಂಬಂತೆ ಬದಿಗೆ ಸರಿಸುವುದು ಕನ್ನಡ ಪ್ರಗತಿಪರತೆಯ ಹಳೆಯ ಅಭ್ಯಾಸ. ನಿಘಂಟು ನಮ್ಮದು, ಹಂಚು ನಮ್ಮದು, ಅದನ್ನು ಸುಟ್ಟ ಕೈಗಳ ಪ್ರಾರ್ಥನೆ ಮಾತ್ರ ಪರಕೀಯ ಎಂಬ ಧೋರಣೆಯಲ್ಲಿ ಬಲಪಂಥದ ನೆರಳೇ ಇದೆ.

ವಿರೋಧಿ ವಾದಗಳಲ್ಲಿ ಎರಡಕ್ಕೆ ಉತ್ತರ ಹೇಳಲೇಬೇಕು. ಕ್ರೈಸ್ತ ಸಿದ್ಧಾಂತದಲ್ಲಿ ಜಾತಿಯಿಲ್ಲ, ಆದ್ದರಿಂದ ಪರಿಶಿಷ್ಟ ಸ್ಥಾನಮಾನ ಸಲ್ಲದು ಎಂಬುದು ಒಂದು. ಸಿಖ್ ಸಿದ್ಧಾಂತದಲ್ಲೂ ಬೌದ್ಧ ಸಿದ್ಧಾಂತದಲ್ಲೂ ಜಾತಿಯಿಲ್ಲ. ಅವರನ್ನು ಸೇರಿಸಿಕೊಂಡದ್ದು ಸರಿಯಾಗಿಯೇ ಇದೆ, ಏಕೆಂದರೆ ಮೀಸಲಾತಿ ಪರಿಹಾರ ಕೊಡುವುದು ಗ್ರಂಥದ ದೋಷಕ್ಕಲ್ಲ, ಸಮಾಜದ ದೋಷಕ್ಕೆ. ನ್ಯಾಯಮೂರ್ತಿ ರಂಗನಾಥ ಮಿಶ್ರಾ ನೇತೃತ್ವದ ಆಯೋಗ 2007ರಲ್ಲೇ ಮೂರನೆಯ ಪ್ಯಾರಾವನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ಅದನ್ನು ಮೂಲೆಗಿಟ್ಟು 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಲಾಯಿತು. ಅಂದು ಸೂಸೈ ಅವರಿಗೆ ಅಧ್ಯಯನವಿಲ್ಲ ಎಂದರು. ಅಧ್ಯಯನ ಬಂದ ಮೇಲೆ ಇನ್ನೊಂದು ಅಧ್ಯಯನ ಬೇಕೆಂದರು.

ಎರಡನೆಯ ವಾದ ದಲಿತ ಸಂಘಟನೆಗಳೊಳಗಿನದು, ಗೌರವಕ್ಕೆ ಅರ್ಹವಾದದ್ದು. ಇರುವ ಪಾಲೇ ಸಣ್ಣದು, ಮಿಷನ್ ಶಾಲೆಗಳಲ್ಲಿ ಓದಿದವರು ಬಂದು ಅದನ್ನೂ ಕಬಳಿಸಿದರೆ ಎಂಬ ಆತಂಕ ಅದು. ಈ ಆತಂಕವನ್ನು ಸುಳ್ಳೆಂದು ತಳ್ಳಿಹಾಕುವುದು ಅಹಂ. ಆದರೆ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿಯನ್ನು ಮಾನ್ಯ ಮಾಡಿದ ಮೇಲೆ ಪಾಲನ್ನು ನ್ಯಾಯವಾಗಿ ಹಂಚುವ ಉಪಕರಣ ಕೈಯಲ್ಲಿದೆ. ಹೊಸಬರು ಬಂದಷ್ಟು ಪಾಲು ಹಿಗ್ಗಬೇಕು, ಹಳಬರ ಪಾಲು ಕುಗ್ಗಬಾರದು ಎಂಬುದನ್ನು ಷರತ್ತಾಗಿಯೇ ಮುಂದಿಡಬಹುದು. ಅದಕ್ಕೂ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯನ್ನು ಧರ್ಮದ ಹಂಗಿಲ್ಲದೆ ವಿಸ್ತರಿಸಿದರೆ ಯಾರ ಒಂದು ಸೀಟೂ ಕಡಿಮೆಯಾಗುವುದಿಲ್ಲ, ಯಾರ ಒಂದು ಹುದ್ದೆಯೂ ಹೋಗುವುದಿಲ್ಲ. ಹೊಡೆಸಿಕೊಂಡವನಿಗೆ ದೂರು ಕೊಡುವ ಹಕ್ಕು ಸಿಗುತ್ತದೆ, ಅಷ್ಟೇ. ಇಷ್ಟನ್ನೂ ವಿರೋಧಿಸುವವರ ಚಿಂತೆ ಪಾಲಿನದಾಗಿರಲಾರದು.

ಹೊರನಾಡಿನ ಕನ್ನಡ ಪ್ರಗತಿಪರರಿಗೆ ಈ ಚರ್ಚೆಯಲ್ಲಿ ವಿಶೇಷ ಹೊಣೆಯಿದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅವರು ಸಂಭ್ರಮಿಸಿದರು. ಕ್ಯಾಲಿಫೋರ್ನಿಯದ ಮಸೂದೆ ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ ನಿರಾಕರಣೆಗೆ ಒಳಗಾದಾಗ ನೊಂದರು. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ಜಾತಿಯನ್ನು ಸೇರಿಸುವ ಹೋರಾಟಕ್ಕೆ 2018ರಲ್ಲಿ ಅಲ್ಲಿನ ಸರ್ಕಾರ ಬೆನ್ನು ತಿರುಗಿಸಿದಾಗ ಪ್ರತಿಭಟಿಸಿದರು. ಆ ಎಲ್ಲ ಸಂದರ್ಭಗಳಲ್ಲಿ ಎದುರಾಳಿಗಳು ಇದು ಹಿಂದೂಗಳನ್ನು ಗುರಿಮಾಡುವ ಕಾನೂನು ಎಂದರು. ಪ್ರಗತಿಪರರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಜಾತಿ ಒಂದು ಧರ್ಮದ ಸೊತ್ತಲ್ಲ, ದಕ್ಷಿಣ ಏಷ್ಯಾದ ಎಲ್ಲ ಧರ್ಮಗಳಲ್ಲೂ ಅದು ಹರಡಿದೆ. ಸಿಯಾಟಲಿನ ಕಾನೂನು ಸಂತ್ರಸ್ತನ ಧರ್ಮ ಯಾವುದೆಂದು ಕೇಳುವುದೂ ಇಲ್ಲ. ಹಾಗಾದರೆ ಕೋಲಾರದ ದಲಿತ ಕ್ರೈಸ್ತನೊಬ್ಬ ಸಿಯಾಟಲಿಗೆ ಹೋದರೆ ಜಾತಿಯ ಅವಮಾನದ ವಿರುದ್ಧ ದೂರು ಕೊಡಬಹುದು. ಅದೇ ಅವಮಾನ ಹುಟ್ಟೂರಿನಲ್ಲಾದರೆ ಆ ಹೆಸರಿನ ಕಾಯ್ದೆ ಅವನ ನೆರವಿಗೆ ಬಾರದು. ವಿದೇಶದ ನಗರಸಭೆಯ ಮುಂದೆ ಮಂಡಿಸಿದ ವಾದವನ್ನು ಸ್ವದೇಶದ 1950ರ ಆದೇಶದ ಮುಂದೆ ಮಂಡಿಸಲು ಹಿಂಜರಿಕೆ ಏಕೆ?

ಹಿಂಜರಿಕೆಯ ಕಾರಣ ಊಹಿಸುವುದು ಕಷ್ಟವಲ್ಲ. ಧರ್ಮವೆಂದರೆ ಖಾಸಗಿ ವಿಚಾರ, ವಿಚಾರವಂತರು ಅದರಿಂದ ದೂರವಿರಬೇಕು ಎಂಬುದು ವಲಸಿಗ ಪ್ರಗತಿಪರರ ಸುಲಭ ನಿಲುವು. ತಮ್ಮ ಧರ್ಮದ ಬಗ್ಗೆ ಯಾರೂ ಅರ್ಜಿ ಕೇಳದ ಸ್ಥಿತಿಯಲ್ಲಿರುವವರಿಗೆ ಮಾತ್ರ ಧರ್ಮ ಖಾಸಗಿ ವಿಚಾರವಾಗಿರಲು ಸಾಧ್ಯ. ಅಮೆರಿಕದ ಎಷ್ಟೋ ಊರುಗಳಲ್ಲಿ ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದು ರಾಜ್ಯೋತ್ಸವವನ್ನೂ ಗಣೇಶ ಹಬ್ಬವನ್ನೂ ಆಚರಿಸುತ್ತಾರೆ. ಯಾರೂ ಆಕ್ಷೇಪಣೆ ಆಹ್ವಾನಿಸಿ ಸೂಚನಾ ಫಲಕಕ್ಕೆ ಕಾಗದ ಹಚ್ಚುವುದಿಲ್ಲ. ಆ ನಿರಾತಂಕವನ್ನು ಉಸಿರಿನಷ್ಟು ಸಹಜವೆಂದು ಭಾವಿಸಿದವರಿಗೆ, ಬಾಡಿಗೆಯ ಕೋಣೆಯಲ್ಲಿ ಬಾಗಿಲು ಮುಚ್ಚಿ, ಹಾಡಿನ ಸದ್ದು ತಗ್ಗಿಸಿ ಪ್ರಾರ್ಥಿಸುವ ಕರ್ನಾಟಕದ ಒಂದು ಸಣ್ಣ ಸಭೆಯ ಭಯ ಅರ್ಥವಾಗಬೇಕಾದರೆ ಸ್ವಲ್ಪ ಶ್ರಮ ಬೇಕು. ಅಲ್ಪಸಂಖ್ಯಾತನಾಗಿ ಬದುಕುವುದು ಹೇಗೆಂದು ವಲಸೆ ಕಲಿಸಿದೆ. ಆ ಪಾಠವನ್ನು ಊರಿಗೆ ಮರಳಿ ಕಳಿಸುವುದು ಹಣ ಕಳಿಸುವಷ್ಟೇ ಅಗತ್ಯ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅಂಬೇಡ್ಕರ್ ಬೌದ್ಧರಾದರು. 2022ರ ಕಾಯ್ದೆಯ ಲೆಕ್ಕದಲ್ಲಿ ಇಬ್ಬರು ಒಟ್ಟಿಗೆ ಮತಾಂತರಗೊಂಡರೂ ಅದು ಸಾಮೂಹಿಕ ಮತಾಂತರ. ಅಂದು ಅವರು ಬೋಧಿಸಿದ 22 ಪ್ರತಿಜ್ಞೆಗಳು ಒಂದು ಧರ್ಮವನ್ನು ಇನ್ನೊಂದರೆದುರು ಹೀಗಳೆದ ಆರೋಪಕ್ಕೆ ಗುರಿಯಾಗಬಹುದಾಗಿತ್ತು. ಅಂದು ದೀಕ್ಷೆ ಪಡೆದವರು ಪರಿಶಿಷ್ಟ ಸ್ಥಾನಮಾನ ಕಳೆದುಕೊಂಡು 34 ವರ್ಷ ಕಾಯಬೇಕಾಯಿತು. ದಲಿತನ ಧರ್ಮಾಯ್ಕೆಗೆ ವಿಧಿಸುವ ದಂಡ ಕ್ರೈಸ್ತರೊಬ್ಬರ ಪ್ರಶ್ನೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬೌದ್ಧರಿಗೆ ಬಾಗಿಲು ತೆರೆದದ್ದು ಚಳವಳಿ. ಕ್ರೈಸ್ತ ಹಾಗೂ ಮುಸ್ಲಿಂ ದಲಿತರಿಗೂ ಅದನ್ನು ತೆರೆಸಬೇಕಾದದ್ದು ಚಳವಳಿಯೇ. ಆ ಚಳವಳಿಯ ಬೇಡಿಕೆಗಳು ಸರಳ: 1950ರ ಆದೇಶದ ಮೂರನೆಯ ಪ್ಯಾರಾ ಹೋಗಬೇಕು, ದೌರ್ಜನ್ಯ ತಡೆ ಕಾಯ್ದೆ ಧರ್ಮ ಕೇಳಬಾರದು, ಮತಾಂತರ ಕಾಯ್ದೆಯ ರದ್ದತಿ ಸಂಪುಟದ ನಿರ್ಣಯದಲ್ಲೇ ಉಳಿಯದೆ ಶಾಸನಸಭೆಯಲ್ಲಿ ಪೂರ್ಣಗೊಳ್ಳಬೇಕು, ಚರ್ಚು ತನ್ನ ಗೋಡೆಗಳನ್ನು ತಾನೇ ಕೆಡವಬೇಕು. ಇಷ್ಟಾದರೆ ಒಂದು ಮಗು ಭಾನುವಾರವೂ ಸೋಮವಾರವೂ ಒಂದೇ ಹೆಸರಿಗೆ ಓಗೊಡಬಹುದು. ಅದಕ್ಕಿಂತ ಹೆಚ್ಚಿನದನ್ನು ಆ ಮಗುವಿನ ತಂದೆತಾಯಿ ಯಾವ ಸರ್ಕಾರದಿಂದಲೂ ಕೇಳುತ್ತಿಲ್ಲ.